ಪೊರೆ ತೆಗೆದ ಮೇಲೆ ಕಂಡದ್ದೆಷ್ಟು?

ಬೀಳಗಿಯಲ್ಲಿ ಹುಟ್ಟಿ ದೇಶದ ಉದ್ದಗಲಕ್ಕೂ ಹೆಸರಾದವರು ಕಣ್ಣಿನ ವೈದ್ಯ ಡಾಕ್ಟರ್ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು. ಅವರ ಕೀರ್ತಿ ಎಷ್ಟು ದೊಡ್ಡದೆಂಬುದಕ್ಕೆ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಅಚ್ಚಾದ ಒಂದೆರಡು ಸಾಲುಗಳೇ ಸಾಕು. 1943ರಿಂದ ಸಾಮೂಹಿಕ ನೇತ್ರಚಿಕಿತ್ಸೆಯ ಮಾರ್ಗವನ್ನು ಹಾಕಿಕೊಟ್ಟ ಈ ವೈದ್ಯರು ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದರೆಂದೂ, 46,120 ಹಳ್ಳಿಗಳಲ್ಲಿ ಸಂಚರಿಸಿ 1,21,18,630 ರೋಗಿಗಳನ್ನು ಕಂಡರೆಂದೂ, 1993ರ ಫೆಬ್ರುವರಿಯವರೆಗೆ ಒಟ್ಟು 6,10,564 ಶಸ್ತ್ರಕ್ರಿಯೆಗಳನ್ನು ನಡೆಸಿದರೆಂದೂ ಅಲ್ಲಿ ಬರೆದಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2005ರ ನವೆಂಬರಿನಲ್ಲಿ ಅವರು ತೀರಿಕೊಂಡರು.

ಈ ಅಂಕಿಗಳನ್ನು ಓದಿದಾಗ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಯಾರಿಗಾದರೂ ಎದೆ ತುಂಬಿ ಬರುವುದು ಸಹಜ. ಆದರೆ ಇವು ಯಾವುದರ ಅಂಕಿಗಳು? ಹಳ್ಳಿಗಳು ಎಷ್ಟು, ರೋಗಿಗಳು ಎಷ್ಟು, ಶಸ್ತ್ರಕ್ರಿಯೆಗಳು ಎಷ್ಟು ಎಂಬಲ್ಲಿಗೆ ಆ ಸಾಲು ಮುಗಿಯುತ್ತದೆ. ಶಸ್ತ್ರ ಹಾಕಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಕಂಡಿತು, ಎಷ್ಟರಮಟ್ಟಿಗೆ ಕಂಡಿತು, ಎಷ್ಟು ಕಾಲ ಕಂಡಿತು ಎಂಬುದು ಬೇರೆಯೇ ಒಂದು ಲೆಕ್ಕ. ಮೊದಲನೆಯದನ್ನು ವೈದ್ಯರು ಶಸ್ತ್ರಕ್ರಿಯೆಯ ದಿನವೇ ಬರೆದಿಡಬಹುದು. ಎರಡನೆಯದು ತಿಂಗಳುಗಳಾದ ಮೇಲೆ ರೋಗಿಯ ಮನೆಯಲ್ಲಿ ಸಿಕ್ಕುವಂಥದು. ಲೋಕದಲ್ಲೆಲ್ಲ ಮೊದಲಿನಿಂದಲೂ ವೈದ್ಯರ ಹೆಸರು ಬೆಳೆದದ್ದು ಮೊದಲನೆಯ ಲೆಕ್ಕದ ಮೇಲೆ. ಎರಡನೆಯದು ದಫ್ತರದೊಳಗೆ ಬಂದು ಕೂಡಲು ಬಹಳ ಕಾಲ ಹಿಡಿಯಿತು. ಅದು ಹೇಗೆ ಬಂತೆಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಲು ಪದದ ವಿಚಾರ. ಕನ್ನಡ ಪಂಡಿತನಿಗೆ ಇದನ್ನು ಬಿಟ್ಟು ಮುಂದೆ ಹೋಗುವುದಾಗದು. ನಾವು ‘ಪೊರೆ’ ಎನ್ನುತ್ತೇವೆ. ಹಾವು ಕಳಚುವುದೂ ಪೊರೆಯೇ. ಈ ಮಾತಿನಿಂದಾಗಿ, ಕಣ್ಣಿನ ಮೇಲೆ ತೆಳ್ಳನೆಯ ತೊಗಲೊಂದು ಬೆಳೆದಿದೆ, ಅದನ್ನು ಸುಲಿದರೆ ಒಳಗಿನ ಕಣ್ಣು ಮೊದಲಿನಂತೆ ಹೊರಬರುವುದು ಎಂಬ ಕಲ್ಪನೆ ಜನರಲ್ಲಿ ಬೇರೂರಿದೆ. ನಿಜಸ್ಥಿತಿ ಹಾಗಲ್ಲ. ಕಣ್ಣಿನ ಒಳಗೆ, ಪಾಪೆಯ ಹಿಂದೆ, ಬೆಳಕನ್ನು ಕೂಡಿಸುವ ಒಂದು ಮಸೂರವಿದೆ. ವಯಸ್ಸಾದಂತೆ ಆ ಮಸೂರವೇ ಮಂಕಾಗಿ ಬೆಳ್ಳಗಾಗುವುದು. ನಮ್ಮ ಕಡೆಯ ಜನ ಮರಾಠಿಯಿಂದ ಎತ್ತಿಕೊಂಡ ‘ಮೋತಿಬಿಂದು’ ಎಂಬ ಹೆಸರು ಈ ಮಟ್ಟಿಗೆ ಸತ್ಯಕ್ಕೆ ಹತ್ತಿರ: ಕಣ್ಣೊಳಗೆ ಮುತ್ತಿನಂಥ ಬಿಂದು. ಈ ಮುತ್ತನ್ನು ತೆಗೆದುಹಾಕಿದರೆ ಬೆಳಕು ಒಳಗೆ ಬರುವುದು ನಿಜ. ಆದರೆ ಆ ಬೆಳಕನ್ನು ಕೂಡಿಸುವ ಮಸೂರ ಇನ್ನು ಕಣ್ಣಿನಲ್ಲಿ ಇರುವುದಿಲ್ಲ. ಮುಂದಿನ ಮಾತಿಗೆಲ್ಲ ಈ ಒಂದು ಸಂಗತಿ ನೆನಪಿನಲ್ಲಿರಬೇಕು.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಇದಕ್ಕೆ ‘ಲಿಂಗನಾಶ’ವೆಂದು ಹೆಸರು. ಅಲ್ಲಿ ಹೇಳಿದ ಚಿಕಿತ್ಸೆ ಮಂಕಾದ ಮಸೂರವನ್ನು ಹೊರಗೆ ತೆಗೆಯುವುದಲ್ಲ. ಶಲಾಕೆಯಿಂದ ಚುಚ್ಚಿ ಅದನ್ನು ದೃಷ್ಟಿಯ ದಾರಿಯಿಂದ ಸರಿಸುವುದು. ರೋಗಿಗೆ ರೂಪಗಳು ಕಾಣತೊಡಗಿದಾಗ ಶಲಾಕೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆಯಬೇಕು. ಆಮೇಲೆ ತುಪ್ಪ ಹಾಕಿ ಕಟ್ಟು ಕಟ್ಟಬೇಕು. ರೋಗಿ ಅಂಗಾತ ಮಲಗಿರಬೇಕು. ಸೀನು, ಕೆಮ್ಮು, ತೇಗು, ಉಗುಳುವಿಕೆ ಕೂಡದು. ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ತೊಳೆಯಬೇಕು. ಹೀಗೆ ಹತ್ತು ದಿನದ ನಿಯಮ. ಇಷ್ಟರಲ್ಲಿ ವಿಶೇಷವೇನೆಂದರೆ, ಆ ಗ್ರಂಥವು ಕೆಟ್ಟ ಪರಿಣಾಮಗಳನ್ನೂ ಮುಚ್ಚಿಡದೆ ಹೇಳುತ್ತದೆ. ಕಣ್ಣು ಕೆಂಪಾಗುವುದು, ಬಾವು ಬರುವುದು, ಅಧಿಮಂಥವೆಂಬ ತೀವ್ರ ನೋವು, ಇವು ಚುಚ್ಚಿದವನ ದೋಷದಿಂದ ಆಗಬಹುದು ಅಥವಾ ರೋಗಿಯ ಅಪಥ್ಯದಿಂದ ಆಗಬಹುದು ಎಂದು ಎರಡು ಕಾರಣಗಳನ್ನು ಬೇರೆ ಬೇರೆಯಾಗಿ ಹೇಳಿದೆ. ತಪ್ಪು ಯಾರದೆಂದು ವಿಂಗಡಿಸಿ ನೋಡುವ ಈ ಬುದ್ಧಿ ಎಷ್ಟು ಹಳೆಯದು ನೋಡಿ!

ಆದರೆ ಶಾಸ್ತ್ರ ಒಂದು, ಊರೂರು ತಿರುಗುವವರ ವ್ಯವಹಾರ ಇನ್ನೊಂದು. ಕಳೆದ ಶತಮಾನದ ಮೊದಲ ದಶಕಗಳಲ್ಲಿಯೂ ಸೂಜಿಯಿಂದ ಪೊರೆ ಕೆಡಹುವವರು ಹಳ್ಳಿಗಳಲ್ಲಿ ಸಂಚರಿಸುತ್ತಿದ್ದರು. ಕೆಡಹಿದ ಕೂಡಲೆ ರೋಗಿಯ ಮುಂದೆ ಬೆರಳು ಹಿಡಿದು “ಎಷ್ಟು?” ಎಂದು ಕೇಳುವರು. ಕುರುಡನಾಗಿದ್ದವನು ಎರಡೋ ಮೂರೋ ಎಂದು ಹೇಳುವನು. ಸುತ್ತಲಿದ್ದ ಜನ ಬೆರಗಾಗುವರು. ವೈದ್ಯನಿಗೆ ದಕ್ಷಿಣೆ ಸಲ್ಲುವುದು. ಅವನು ಮುಂದಿನ ಊರಿನ ಹಾದಿ ಹಿಡಿಯುವನು. ಕಣ್ಣು ಬಾತು ಒಳಗಿನ ಒತ್ತಡ ಏರಿ ಮತ್ತೆ ಕತ್ತಲೆ ಕವಿಯುವ ಹೊತ್ತಿಗೆ ಅವನು ಎಲ್ಲಿಯೋ! ಮದರಾಸಿನ ಸರಕಾರಿ ಕಣ್ಣಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬವರು, ಇಂಥವರ ಕೈಗೆ ಸಿಕ್ಕಿ ಬಂದ ಕಣ್ಣುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳ ಗತಿ ಏನಾಯಿತೆಂದು ಪಟ್ಟಿ ಮಾಡಿದರು. 1917ರಲ್ಲಿ ಲಂಡನ್ನಿನಲ್ಲಿ ಅವರು ಉಪನ್ಯಾಸ ಕೊಟ್ಟದ್ದು ಈ ವಿಷಯದ ಮೇಲೆಯೇ. ಕೆಡಹಿದ ದಿನ ನೋಡಿದರೆ ಹೆಚ್ಚಿನವು ಗೆಲುವು. ಕೆಲವು ತಿಂಗಳು ಬಿಟ್ಟು ನೋಡಿದರೆ ಬಹಳಷ್ಟು ಸೋಲು. ಯಾವ ದಿನ ಎಣಿಸಿದೆವು ಎಂಬುದರ ಮೇಲೆ ಶಸ್ತ್ರಕ್ರಿಯೆಯ ಯೋಗ್ಯತೆಯೇ ಬದಲಾಗುವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ನಮ್ಮ ಸೀಮೆಯವರಿಗೆ ಆ ಕಾಲದಲ್ಲಿ ದೊಡ್ಡ ದವಾಖಾನೆಯೆಂದರೆ ಮಿರಜ. ವಿಲಿಯಂ ವಾನ್ಲೆಸ್ ಎಂಬ ಮಿಶನ್ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ಸ್ಥಾಪಿಸಿದರು. ಮಿರಜ, ಸಾಂಗಲಿ, ಜಮಖಂಡಿ ಮೂರೂ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದುದರಿಂದ ಹೋಗಿಬರುವ ಬಳಕೆ ಮೊದಲೇ ಇತ್ತು. ಮುಧೋಳದ ಘೋರ್ಪಡೆಯವರ ಸೀಮೆಯಿಂದಲೂ ಜನ ಹೋಗುತ್ತಿದ್ದರು. ಚಕ್ಕಡಿ ಕಟ್ಟಿಕೊಂಡು ಹೋಗಿ ಕುಡಚಿಯ ಸ್ಟೇಷನ್ನಿನಲ್ಲಿ ರೈಲು ಹಿಡಿದರೆ ಮಿರಜ ದೂರವಲ್ಲ. ವಾನ್ಲೆಸ್‌ರು 1928ರಲ್ಲಿ ‘ಸರ್’ ಪದವಿ ಪಡೆದರು. ಅವರ ಖ್ಯಾತಿ ಹಬ್ಬಿದ್ದು ಯಾವ ಪತ್ರಿಕೆಯಿಂದಲೂ ಅಲ್ಲ. ಹಾಸಿಗೆ ಕಟ್ಟಿಕೊಂಡು ಹೋದವನು ತಿಂಗಳಾದ ಮೇಲೆ ನಡೆದು ಬಂದರೆ ಓಣಿಯವರೆಲ್ಲ ಕಾಣುವರು. ಬಾರದಿದ್ದರೆ ಅದೂ ಕಾಣುವುದು. ಓಣಿಯೇ ಆಗ ಫಲಿತಾಂಶದ ಪುಸ್ತಕವಾಗಿತ್ತು. ಅದರಲ್ಲಿ ಬರೆದದ್ದು ಅಳಿಸಿಹೋಗುವುದೊಂದೇ ಕೊರತೆ.

ಅಳಿಸದ ಹಾಗೆ ಬರೆಯಬೇಕೆಂದು ಹಟ ತೊಟ್ಟವರು ಪಶ್ಚಿಮದಲ್ಲಿ ಇಬ್ಬರು. ಒಬ್ಬರು ಎಲ್ಲರಿಗೂ ಗೊತ್ತಿರುವ ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ತಾಯಿಯೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಆಕೆ ಅಂಕಿ-ಸಂಖ್ಯೆಯ ಶಾಸ್ತ್ರದಲ್ಲಿ ಬಹು ಕಟ್ಟುನಿಟ್ಟಿನವಳು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯ ಕಾಗದದಲ್ಲಿ, ಬಂದವರೆಷ್ಟು, ಗುಣವಾದವರೆಷ್ಟು, ಸತ್ತವರೆಷ್ಟು ಎಂದು ಬರೆಯಬೇಕೆಂಬ ಯೋಜನೆಯನ್ನು 1860ರಲ್ಲಿ ಲಂಡನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಪರಿಷತ್ತಿನ ಮುಂದೆ ಇಡಿಸಿದಳು.

ಇನ್ನೊಬ್ಬರು ಅಮೆರಿಕೆಯ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್. ಇವರ ಹೆಸರು ನಮ್ಮಲ್ಲಿ ಬಲ್ಲವರು ಕಡಮೆ. ಶಸ್ತ್ರಕ್ರಿಯೆಯಾದ ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಇರಬೇಕು. ವರುಷವಾದ ಮೇಲೆ ಅವನನ್ನು ಹುಡುಕಿ, ಗುಣವಾಯಿತೇ ಎಂದು ನೋಡಿ ಬರೆಯಬೇಕು. ಆಗದಿದ್ದರೆ ಏಕೆ ಆಗಲಿಲ್ಲವೆಂದು ಕೇಳಬೇಕು. ಅವರು ಹೇಳಿದ್ದು ಇಷ್ಟೇ. ಇಷ್ಟಕ್ಕೇ ಅವರ ಸಹೋದ್ಯೋಗಿಗಳು ಕೆರಳಿದರು. 1914ರಲ್ಲಿ ಅವರು ಆ ನಗರದ ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟರು. ಅದಕ್ಕೂ ಮೊದಲೇ ತೆರೆದಿದ್ದ ತಮ್ಮದೇ ಸಣ್ಣ ಆಸ್ಪತ್ರೆಯಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದರು. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ಚಿಕಿತ್ಸೆಯಲ್ಲಿ 123 ತಪ್ಪುಗಳು ಆದುವೆಂದು ತಾವೇ ಲೆಕ್ಕ ಹಾಕಿ, ಅಚ್ಚು ಹಾಕಿಸಿ ಹಂಚಿದರು! ಕೈಚಳಕ ಸಾಲದ್ದು ಯಾವುದು, ತಿಳಿವಳಿಕೆ ಸಾಲದ್ದು ಯಾವುದು, ರೋಗವೇ ಮೀರಿದ್ದು ಯಾವುದು ಎಂದು ಬೇರೆ ಬೇರೆ ಬರೆದರು. ಸುಶ್ರುತನ ವಿಂಗಡಣೆಯ ದೂರದ ನೆಂಟನೆಂದೇ ಇದನ್ನು ಹೇಳಬಹುದು. ಕಾಡ್ಮನ್ನರಿಗೆ ಬದುಕಿದ್ದಾಗ ಇದರಿಂದ ಹಣವೂ ಬರಲಿಲ್ಲ, ಮಾನವೂ ಬರಲಿಲ್ಲ. 1940ರಲ್ಲಿ ಅವರು ತೀರಿಕೊಂಡರು. ಅವರ ಸಮಾಧಿಗೆ ಹೆಸರಿನ ಕಲ್ಲು ನಿಂತದ್ದು 2014ರಲ್ಲಿ.

ಈಗ ಮತ್ತೆ ಮೋದಿಯವರ ಕಾಲಕ್ಕೆ ಬರೋಣ. ಕಣ್ಣಿನ ವೈದ್ಯರು ಪಟ್ಟಣಗಳಲ್ಲಿ ಮಾತ್ರ, ಅದೂ ಬೆರಳೆಣಿಕೆಯಷ್ಟು. ಹಳ್ಳಿಯ ಕುರುಡರು ಲಕ್ಷಗಟ್ಟಲೆ. ಇಂಥ ಪರಿಸ್ಥಿತಿಯಲ್ಲಿ ರೋಗಿ ವೈದ್ಯನ ಬಳಿಗೆ ಬರಲಾರ, ವೈದ್ಯನೇ ಹೋಗಬೇಕು ಎಂದು ಅವರು ಹೊರಟರು. ಸಾಲೆ, ಛತ್ರಗಳೇ ಆಸ್ಪತ್ರೆಯಾದುವು. ಆ ಕಾಲದ ಶಿಬಿರಗಳಲ್ಲಿ ರೋಗಿಗಳನ್ನು ಸಾಲಾಗಿ ಮಲಗಿಸುವರು. ಶಸ್ತ್ರಕ್ರಿಯೆಯಾದ ಮೇಲೆ ಕಣ್ಣು ಕಟ್ಟಿಸಿಕೊಂಡು ವಾರವೋ ಹತ್ತು ದಿನವೋ ಅಲುಗಾಡದೆ ಮಲಗಿರುವುದು. ಬಳಿಕ ದಪ್ಪ ಗಾಜಿನ ಚಾಳೀಸು. ಇದನ್ನು ಇಂದಿನ ಅಳತೆಗೋಲಿನಿಂದ ಅಳೆದು ಹಗುರವಾಗಿ ಮಾತಾಡುವುದು ನ್ಯಾಯವಲ್ಲ. ಶಿಬಿರ ಬಾರದಿದ್ದರೆ ಆ ಮುದುಕರಿಗೆ ಗತಿ ಕುರುಡುತನವೊಂದೇ ಆಗಿತ್ತು.

ಆದರೂ ಆ ಚಾಳೀಸಿನ ಮಾತನ್ನು ಹೇಳಲೇಬೇಕು. ಕಣ್ಣೊಳಗಿನ ಮಸೂರ ಹೋದ ಮೇಲೆ ಅದರ ಕೆಲಸವನ್ನು ಹೊರಗಿನ ಗಾಜು ಮಾಡಬೇಕಷ್ಟೆ. ಆ ಗಾಜಿನಲ್ಲಿ ವಸ್ತುಗಳು ಕಾಲುಭಾಗಕ್ಕೂ ಮೇಲೆ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುವುವು. ಬಾಗಿಲ ಚೌಕಟ್ಟು ಬಾಗಿದಂತೆ ಕಾಣುವುದು. ಪಕ್ಕದಿಂದ ಬಂದದ್ದು ಕಾಣುವುದೇ ಇಲ್ಲ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಬನಹಟ್ಟಿಯಲ್ಲಿದ್ದ ನಮ್ಮ ಸೋದರಮಾವ ಯಾವುದೋ ಶಿಬಿರಕ್ಕೆ ಹೋಗಿ ಕಣ್ಣು ಮಾಡಿಸಿಕೊಂಡು ಬಂದರು. ಅವರು ಹುಟ್ಟಾ ನೇಕಾರರು. ನೋಡಲು ಹೋದ ನಮ್ಮ ತಾಯಿ, “ಹ್ಯಾಂಗೈತಿ ಅಣ್ಣಾ ಕಣ್ಣು? ಛಲೋ ಕಾಣತೈತೇನು?” ಎಂದು ಕೇಳಿದಳು. “ಸೀರಿ ಕಾಣತೈತಿ ತಂಗಿ, ಎಳಿ ಕಾಣಂಗಿಲ್ಲ” ಎಂದರು ಅವರು. ಹಾಸಿನ ಎಳೆ ಹರಿದರೆ ಹುಡುಕಿ ಕೂಡಿಸಬೇಕು, ಹಣಿಗೆಯ ಸಂದಿನಲ್ಲಿ ತೂರಿಸಬೇಕು. ಅದು ಆಗದವನು ಮಗ್ಗದ ಮೇಲೆ ಕುಳಿತು ಏನು ಮಾಡಬೇಕು? ಮುಂದೆ ಒಂದು ದಿನ ಸಂತೆಯ ಗದ್ದಲದಲ್ಲಿ ಚಾಳೀಸು ಬಿದ್ದು ಒಡೆಯಿತು. ಶಿಬಿರ ಎದ್ದುಹೋಗಿ ಬಹಳ ದಿನಗಳಾಗಿದ್ದುವು. ಹೊಸ ಚಾಳೀಸು ಬರುವವರೆಗೆ ಅವರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಓಡಾಡಿದರು. ಶಿಬಿರದ ವಹಿಯಲ್ಲಿ ಅವರ ಹೆಸರಿನ ಮುಂದೆ ಶಸ್ತ್ರಕ್ರಿಯೆ ಮುಗಿಯಿತೆಂಬ ಗುರುತು ಬಿದ್ದಿರಲೇಬೇಕು. ಅದೇನೂ ಸುಳ್ಳಲ್ಲ.

1976ರಲ್ಲಿ ಭಾರತ ಸರಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಸರಕಾರಿ ಕಾರ್ಯಕ್ರಮವೆಂದ ಮೇಲೆ ಗುರಿಯ ಸಂಖ್ಯೆ ಇರಬೇಕಷ್ಟೆ. ಇಲ್ಲಿಯೂ ಎಣಿಸಿದ್ದು ಶಸ್ತ್ರಕ್ರಿಯೆಗಳನ್ನೇ. ಬರಿಯ ಸಂಖ್ಯೆಯ ಹಿಂದೆ ಬಿದ್ದರೆ ಏನಾಗಬಹುದೆಂಬುದನ್ನು 1986ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಖುರ್ಜಾ ಎಂಬ ಊರಿನ ಶಿಬಿರ ದೇಶಕ್ಕೆ ತೋರಿಸಿತು. ಅಲ್ಲಿ ಸುಮಾರು 108 ಮಂದಿಗೆ ಶಸ್ತ್ರಕ್ರಿಯೆಯಾಯಿತು. ಅವರಲ್ಲಿ 88 ಮಂದಿಯದು ಪೊರೆ. ನಂಜು ತಗಲಿ 84 ಮಂದಿಯ ಆ ಕಣ್ಣು ಶಾಶ್ವತವಾಗಿ ಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1989ರಲ್ಲಿ ತೀರ್ಪು ಬಂತು. ಮೊದಲು ಕೊಟ್ಟ 5,000 ರೂಪಾಯಿಯ ಮೇಲೆ ಇನ್ನೂ 12,500 ರೂಪಾಯಿಯನ್ನು ಪ್ರತಿಯೊಬ್ಬನಿಗೂ ಸರಕಾರ ಕೊಡಬೇಕೆಂದು ಆಜ್ಞೆಯಾಯಿತು. ಸಾಲೆ, ಛತ್ರಗಳಲ್ಲಿ ಕಣ್ಣಿಗೆ ಶಸ್ತ್ರ ಹಾಕುವ ಪದ್ಧತಿ ಮುಂದಿನ ವರುಷಗಳಲ್ಲಿ ಹಿಂದೆ ಸರಿದು, ಶಿಬಿರದಲ್ಲಿ ರೋಗಿಗಳನ್ನು ಆರಿಸಿ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಬಂತು.

ಅದೇ ಹೊತ್ತಿಗೆ ಚಿಕಿತ್ಸೆಯೂ ಬದಲಾಗುತ್ತಿತ್ತು. ತೆಗೆದ ಮಸೂರದ ಜಾಗದಲ್ಲಿ ಕೃತಕ ಮಸೂರವನ್ನು ಕೂಡಿಸುವ ಕೆಲಸವನ್ನು ಲಂಡನ್ನಿನಲ್ಲಿ ಹ್ಯಾರಲ್ಡ್ ರಿಡ್ಲಿ 1949ರಲ್ಲಿಯೇ ಮಾಡಿದ್ದರು. ಆದರೆ ಬೆಲೆ ಬಡವರ ಕೈಗೆ ಎಟಕುವಂತಿರಲಿಲ್ಲ. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಅದನ್ನು ಅಗ್ಗದಲ್ಲಿ ತಯಾರಿಸತೊಡಗಿದರು. ಅವರು ಇನ್ನೊಂದು ಮೆಚ್ಚತಕ್ಕ ಕೆಲಸ ಮಾಡಿದರು. ಹೊಸದು ಒಳ್ಳೆಯದೆಂದು ಸುಮ್ಮನೆ ನಂಬದೆ, ಸುಮಾರು 3,400 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆಯ ಶಸ್ತ್ರಕ್ರಿಯೆ ಮತ್ತು ಚಾಳೀಸು, ಇನ್ನೊಂದಕ್ಕೆ ಒಳಗಿನ ಮಸೂರ ಕೊಟ್ಟು, ವರುಷದ ತನಕ ನೋಡಿದರು. 1998ರಲ್ಲಿ ಫಲ ಪ್ರಕಟವಾಯಿತು. ಹಲಗೆಯ ಅಕ್ಷರ ಓದಿಸಿದ್ದಲ್ಲದೆ, ದಿನದ ಕೆಲಸಗಳಿಗೆ ಕಣ್ಣು ಎಷ್ಟರಮಟ್ಟಿಗೆ ಒದಗಿತೆಂದೂ, ಬಾಳು ಎಷ್ಟು ಹಗುರವಾಯಿತೆಂದೂ ರೋಗಿಗಳನ್ನೇ ಕೇಳಿದ್ದರು. ಎರಡೂ ಬಗೆಯಿಂದ ನೋಡಿದಾಗ ಒಳಗಿನ ಮಸೂರದವರ ಸ್ಥಿತಿ ಮೇಲಾಗಿತ್ತು.

ಅಕ್ಷರದ ಹಲಗೆ ಎಂದೆನಷ್ಟೆ. ಅದನ್ನು 1862ರಲ್ಲಿ ಹಾಲಂಡಿನ ಸ್ನೆಲ್ಲನ್ ಎಂಬ ವೈದ್ಯ ಕಲ್ಪಿಸಿದ.  ಆಮೇಲೆ ದೃಷ್ಟಿಗೆ ಸೇರು-ಪಾವು ಬಂದಂತಾಯಿತು. ಒಳ್ಳೆಯ ಕಣ್ಣು 60 ಮೀಟರಿನಿಂದ ಕಾಣುವ ಅಕ್ಷರವನ್ನು ಒಬ್ಬನು 6 ಮೀಟರಿಗೆ ಬಂದು ಮಾತ್ರ ಕಾಣಬಲ್ಲನಾದರೆ ಅವನ ದೃಷ್ಟಿ 6/60. ಈ ಅಳತೆಯನ್ನು ಹಿಡಿದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಪೊರೆಯ ಶಸ್ತ್ರಕ್ರಿಯೆಗೆ ಮೂರು ದರ್ಜೆಗಳನ್ನು ಗೊತ್ತುಮಾಡಿತು. 6/18 ಅಥವಾ ಅದಕ್ಕಿಂತ ಮೇಲಾದರೆ ಒಳ್ಳೆಯದು; ಅಲ್ಲಿಂದ ಕೆಳಗೆ 6/60ರವರೆಗೆ ನಡುವಣದು; ಅದಕ್ಕೂ ಕೆಳಗಾದರೆ ಕೆಟ್ಟದ್ದು. ನೂರಕ್ಕೆ 80ಕ್ಕಿಂತ ಹೆಚ್ಚು ಕಣ್ಣುಗಳು ಒಳ್ಳೆಯ ದರ್ಜೆಯಲ್ಲಿರಬೇಕು, ಕೆಟ್ಟ ದರ್ಜೆ ನೂರಕ್ಕೆ 5ನ್ನು ಮುಟ್ಟಬಾರದು. 2021ರಲ್ಲಿ ವಿಶ್ವ ಆರೋಗ್ಯ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಸ್ತ್ರಕ್ರಿಯೆ ಬೇಕಾದವರಲ್ಲಿ ಎಷ್ಟು ಮಂದಿಗೆ ಅದು ಆಗಿ, ಆಮೇಲೆ ಒಳ್ಳೆಯ ದೃಷ್ಟಿಯೂ ಬಂತು ಎಂಬ ಒಂದೇ ಸಂಖ್ಯೆಯನ್ನು ಎಲ್ಲ ದೇಶಗಳೂ 2030ರೊಳಗೆ ಏರಿಸಬೇಕೆಂದು ಗೊತ್ತುಮಾಡಿತು. ಒಳ್ಳೆಯ ದೃಷ್ಟಿಯ ಗೆರೆಯೂ 6/12ಕ್ಕೆ ಏರಿತು. ಶಸ್ತ್ರ ಹಾಕಿಸಿಕೊಂಡೂ ಕಾಣದವನು ಆ ಸಂಖ್ಯೆಯಲ್ಲಿ ಗೆಲುವಾಗಿ ಸೇರಲಾರ.

ನಮ್ಮ ದೇಶದಲ್ಲಿ ಈ ಲೆಕ್ಕದ ಅವಶ್ಯಕತೆ ಎಷ್ಟಿದೆಯೆಂಬುದನ್ನು 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. 50 ವರ್ಷ ಮತ್ತು ಅದಕ್ಕೂ ಮೇಲಿನ ವಯಸ್ಸಿನ ಕುರುಡರಲ್ಲಿ ನೂರಕ್ಕೆ 66.2 ಮಂದಿಯ ಕುರುಡುತನಕ್ಕೆ ಕಾರಣ ತೆಗೆಸದೆ ಬಿಟ್ಟ ಪೊರೆ. ನೂರಕ್ಕೆ 7.2 ಮಂದಿಯದು ಪೊರೆಯ ಶಸ್ತ್ರಕ್ರಿಯೆಯಿಂದಲೇ ಆದ ತೊಡಕು. ಮೊದಲನೆಯ ಸಂಖ್ಯೆಯನ್ನು ನೋಡಿ ಇನ್ನೂ ಹೆಚ್ಚು ಶಸ್ತ್ರಕ್ರಿಯೆಗಳು ಆಗಬೇಕೆನ್ನುವವರು ಎರಡನೆಯದನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು.

ಇಷ್ಟಾದರೂ ರಬಕವಿ-ಬನಹಟ್ಟಿಯ ನೇಕಾರನ ತಕರಾರು ಪೂರ್ತಿ ತೀರಲಿಲ್ಲವೆಂದೇ ನನ್ನ ಅಭಿಪ್ರಾಯ. 6/12 ಎಂಬುದು ದೂರದ ಹಲಗೆಯ ಅಳತೆ; ಮಗ್ಗದ ಎಳೆ ಇರುವುದು ಮೊಳದಳತೆಯಲ್ಲಿ. ಒಳಗೆ ಕೂಡಿಸಿದ ಮಸೂರ ಸಾಮಾನ್ಯವಾಗಿ ದೂರದ ನೋಟಕ್ಕೆ ಹೊಂದಿಸಿದ್ದು; ಹತ್ತಿರದ ಕೆಲಸಕ್ಕೆ ಬೇರೆ ಚಾಳೀಸು ಬೇಕು. ಅದನ್ನು ಬರೆದುಕೊಡದೆ ಕಳುಹಿಸಿದರೆ, ದಾಖಲೆಯಲ್ಲಿ ‘ಒಳ್ಳೆಯದು’ ಎಂದಾದವನೂ ಮಗ್ಗವನ್ನು ಮಗನಿಗೆ ಬಿಟ್ಟು ಕಟ್ಟೆಯ ಮೇಲೆ ಕೂಡುವನು. 1994ರಲ್ಲಿ ಅಮೆರಿಕೆಯ ಕೆಲವರು 14 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಸಣ್ಣ ಅಕ್ಷರ ಓದಬಲ್ಲಿರಾ, ಮೆಟ್ಟಿಲು ಕಾಣುವುವೇ ಎಂಬಂಥ ಪ್ರಶ್ನೆಗಳ ಜೊತೆಗೆ ಹೊಲಿಗೆ, ಹೆಣಿಗೆಯಂಥ ನಯವಾದ ಕೈಕೆಲಸ ಮಾಡಬಲ್ಲಿರಾ ಎಂಬುದೂ ಅದರಲ್ಲಿದೆ. ನಮ್ಮ ಕಡೆ ಕೇಳುವುದಾದರೆ ಎಳೆ ಕೂಡಿಸಬಲ್ಲಿರಾ ಎಂದು ಕೇಳಬೇಕು.

ಇನ್ನು ಲೆಕ್ಕ ಮಾಡುವವರ ಕಷ್ಟವನ್ನೂ ಹೇಳಬೇಕು. ಕಣ್ಣು ಚೆನ್ನಾಗಿ ಕಂಡವನು ಆರು ವಾರಕ್ಕೆ ಬಾ ಎಂದರೆ ಬರುವುದಿಲ್ಲ, ಹೊಲದಲ್ಲಿ ಕೆಲಸವಿರುತ್ತದೆ. ಕಾಣದೆ ಹೋದವನೂ ಬರುವುದಿಲ್ಲ. ಹಣೆಬರಹವೆಂದು ಮನೆಯಲ್ಲಿ ಕೂಡುವನು. ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತರೆ ಇಬ್ಬರೂ ಸಿಕ್ಕುವುದಿಲ್ಲ. ಆದುದರಿಂದ ಈಗಿನ ಕ್ಷಿಪ್ರ ಸಮೀಕ್ಷೆಗಳಲ್ಲಿ ಕೆಲಸದವರು ಆಯ್ದ ಊರುಗಳಿಗೆ ಹೋಗಿ, 50 ವರ್ಷ ದಾಟಿದವರನ್ನು ಮನೆಮನೆಯಲ್ಲಿ ನೋಡುವರು. ಓದುಬರಹ ಬಾರದವರಿಗಾಗಿ ಅವರ ಕೈಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರದ ಹಲಗೆಯೊಂದಿರುತ್ತದೆ. ಅಳತೆಯ ಹಗ್ಗ ಹಿಡಿದು ಅಂಗಳದಲ್ಲಿ ದೂರ ನಿಂತು, ಅದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸುವರು. ಅಕ್ಷರದ ಮೂರು ಕಾಲುಗಳು ಯಾವ ಕಡೆಗಿವೆಯೆಂದು ಕಟ್ಟೆಯ ಮೇಲೆ ಕುಳಿತ ಅಜ್ಜ ಬೆರಳಿನಿಂದ ತೋರಿಸಬೇಕು. ಒಂದು ಕಣ್ಣು ಮುಚ್ಚಿ ಒಮ್ಮೆ, ಇನ್ನೊಂದು ಮುಚ್ಚಿ ಒಮ್ಮೆ. ಆಮೇಲೆ ಬರೆದುಕೊಳ್ಳುವರು: ಶಸ್ತ್ರಕ್ರಿಯೆ ಯಾವ ವಯಸ್ಸಿನಲ್ಲಿ ಆಯಿತು, ಎಲ್ಲಿ ಆಯಿತು, ಒಳಗೆ ಮಸೂರ ಉಂಟೇ, ಈಗ ಎಷ್ಟು ಕಾಣುವುದು, ಕಡಮೆ ಕಂಡರೆ ಏತರಿಂದ.